ಕೆಂಪು ದೀಪ ಆರದಿದ್ದರೆ

2023ರ ಜನವರಿಯಲ್ಲಿ ವಡೋದರಾದ ಲಕ್ಷ್ಮೀ ವಿಲಾಸ ಅರಮನೆಯ ಅಂಗಳದಲ್ಲಿ '21 ಗನ್ ಸಲ್ಯೂಟ್' ಹಳೆ ಕಾರುಗಳ ಪ್ರದರ್ಶನ ನಡೆಯಿತು. ಇಂಥ ಕಡೆ ನೋಡುವವರ ಕಣ್ಣು ಕ್ರೋಮಿನ ಹೊಳಪಿನ ಮೇಲಿರುತ್ತದೆ, ಬಣ್ಣದ ಮೇಲಿರುತ್ತದೆ. ಆದರೆ ಹಳೆ ಕಾರನ್ನು ದಿನವೂ ರಸ್ತೆಗಿಳಿಸುವವರು ಗಮನಿಸುವುದು ಡ್ಯಾಶ್‌ಬೋರ್ಡಿನ ಪುಟ್ಟ ಕೆಂಪು ದೀಪವನ್ನು. ಕೀ ತಿರುಗಿಸಿದಾಗ ಅದು ಹೊತ್ತಬೇಕು, ಎಂಜಿನ್ ವೇಗ ಹಿಡಿದೊಡನೆ ಆರಬೇಕು. ಆರದೆ ಉಳಿದರೆ ಬ್ಯಾಟರಿಗೆ ಚಾರ್ಜ್ ಹೋಗುತ್ತಿಲ್ಲ ಎಂದರ್ಥ. ಹಾಗೇ ಓಡಿಸಿದರೆ ಬ್ಯಾಟರಿಯಲ್ಲಿ ಚಾರ್ಜ್ ಉಳಿದಷ್ಟು ದೂರ ಮಾತ್ರ ಪಯಣ.

ಈ ದೀಪದ ಕಥೆಗೆ ಬರೋಡಾ (ಇಂದಿನ ವಡೋದರಾ) ಸರಿಯಾದ ಊರು. ಇಲ್ಲಿನ ಫತೇಗಂಜ್‌ಗೆ ಹೊಂದಿಕೊಂಡೇ ಎಂ.ಎಸ್. ವಿಶ್ವವಿದ್ಯಾಲಯದ ಆವರಣವಿದೆ. ಅದರ ಎಂಜಿನಿಯರಿಂಗ್ ವಿಭಾಗದ ಬೇರು 1890ರಲ್ಲಿ ಬರೋಡಾದ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು ಆರಂಭಿಸಿದ ಕಲಾಭವನವೆಂಬ ತಾಂತ್ರಿಕ ಶಾಲೆಯಲ್ಲಿದೆ. ಬರೋಡಾಕ್ಕೆ ಕಾರಿನೊಂದಿಗಿರುವ ಇನ್ನೊಂದು ನಂಟು ಹೆಚ್ಚು ಜನಕ್ಕೆ ನೆನಪಿಲ್ಲ. ಅಂಬಾಸಿಡರ್ ಕಾರಿನ ಹಿಂದುಸ್ತಾನ್ ಮೋಟಾರ್ಸ್ 1942ರಲ್ಲಿ ಕೆಲಸ ಶುರುಮಾಡಿದ್ದು ಕಲ್ಕತ್ತೆಯ ಹತ್ತಿರವಲ್ಲ, ಅಂದು ಬರೋಡಾ ಸಂಸ್ಥಾನಕ್ಕೆ ಸೇರಿದ್ದ ಓಖಾ ಬಂದರಿನಲ್ಲಿ. ಕಲ್ಕತ್ತೆ ಬಳಿಯ ಉತ್ತರಪಾರಾಕ್ಕೆ ಹೋದದ್ದು 1948ರಲ್ಲಿ. ಅದಕ್ಕೂ ಮೊದಲು, ಮೂವತ್ತರ ದಶಕದಲ್ಲೇ, ಸರ್ ಎಂ. ವಿಶ್ವೇಶ್ವರಯ್ಯನವರು ಭಾರತದಲ್ಲೇ ಕಾರು ತಯಾರಿಸುವ ಯೋಜನೆ ಸಿದ್ಧಪಡಿಸಿದ್ದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದನ್ನು ಮೈಸೂರು ಸಂಸ್ಥಾನದಲ್ಲಿ ನೆಲೆಗೊಳಿಸಲು ಹೊರಟರು, ಬ್ರಿಟಿಷ್ ಸರ್ಕಾರದ ಸಹಕಾರ ಸಿಗಲಿಲ್ಲ. ಅವರ ಪ್ರೀಮಿಯರ್ ಆಟೊಮೊಬೈಲ್ಸ್ 1944ರಲ್ಲಿ ಬಾಂಬೆಯಲ್ಲಿ ಹುಟ್ಟಿತು. ಮೈಸೂರು ಸಂಸ್ಥಾನಕ್ಕೆ ತಪ್ಪಿಹೋದ ಆ ಕಾರ್ಖಾನೆಯನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಮತ್ತೆ ದೀಪದ ಕಥೆಗೆ ಬಂದರೆ, ಮೊದಮೊದಲ ಕಾರುಗಳಲ್ಲಿ ಚಾರ್ಜಿಂಗ್ ಎಂಬ ಮಾತೇ ಇರಲಿಲ್ಲ. ಕಿಡಿಗೆ ಮ್ಯಾಗ್ನೆಟೊ, ಬೆಳಕಿಗೆ ಕಾರ್ಬೈಡ್ ದೀಪ, ಸ್ಟಾರ್ಟ್ ಮಾಡಲು ಕೈ ಹ್ಯಾಂಡಲ್. ಹ್ಯಾಂಡಲ್ ಹಿಂದಕ್ಕೆ ಒದ್ದು ಎಷ್ಟೋ ಜನ ಮಣಿಕಟ್ಟು ಮುರಿದುಕೊಂಡರು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಎಲೆಕ್ಟ್ರಿಕ್ ಸೆಲ್ಫ್ ಸ್ಟಾರ್ಟರ್ 1912ರ ಕ್ಯಾಡಿಲಾಕ್‌ನಲ್ಲಿ ಬಂದಾಗ ಆ ಕಷ್ಟ ತೀರಿತು. ಸೆಲ್ಫ್ ಬಂದ ಮೇಲೆ ದೊಡ್ಡ ಬ್ಯಾಟರಿ ಬೇಕಾಯಿತು. ಬ್ಯಾಟರಿಯನ್ನು ತುಂಬಿಸುತ್ತಲೇ ಇರಲು, ಎಂಜಿನ್ ಜೊತೆ ತಿರುಗುವ ಡೈನಮೊ ಬೇಕಾಯಿತು.

ಡೈನಮೊ ವೇಗ ಹೆಚ್ಚಿದಷ್ಟೂ ವೋಲ್ಟೇಜ್ ಏರುತ್ತದೆ. ಅದನ್ನು ಹಿಡಿತದಲ್ಲಿಡುವುದು ಹೇಗೆ ಎಂಬ ಪ್ರಶ್ನೆಗೆ ಮೊದಲು ಸಿಕ್ಕ ಉತ್ತರ 'ಮೂರನೆಯ ಬ್ರಷ್', ಅಂದರೆ ಕಾಂತಕ್ಷೇತ್ರ ಹುಟ್ಟಿಸುವ ಫೀಲ್ಡ್ ಕಾಯಿಲಿಗೆ ಕರೆಂಟ್ ಕೊಡುವ ಇನ್ನೊಂದು ಬ್ರಷ್. 1928ರಿಂದ 1931ರವರೆಗಿನ ಫೋರ್ಡ್ ಮಾಡೆಲ್ ಎ ಕಾರಿನಲ್ಲಿ ಇದೇ ಏರ್ಪಾಡು. ಬ್ಯಾಟರಿ ತುಂಬಿದೆಯೋ ಇಲ್ಲವೋ ಅದಕ್ಕೆ ತಿಳಿಯದು, ಕರೆಂಟ್ ತಳ್ಳುತ್ತಲೇ ಇರುತ್ತದೆ. ಅದಕ್ಕೇ ದೂರದ ಪಯಣದಲ್ಲಿ ಹಗಲಲ್ಲೂ ಹೆಡ್‌ಲೈಟ್ ಹೊತ್ತಿಸಿ, ಹೆಚ್ಚಾದ ಚಾರ್ಜನ್ನು ಕರಗಿಸುತ್ತಿದ್ದರು. ಮೂವತ್ತರ ದಶಕದಲ್ಲಿ ವೋಲ್ಟೇಜ್ ರೆಗ್ಯುಲೇಟರ್ ಬಂದು ಈ ಪಾಡು ತಪ್ಪಿತು. ಅದರೊಳಗೆ ಎರಡು ಸುರುಳಿಗಳು. ಒಂದು ಡೈನಮೊದ ಫೀಲ್ಡ್ ಕರೆಂಟನ್ನು ಸೆಕೆಂಡಿಗೆ ಹಲವು ಬಾರಿ ತಡೆದು ಬಿಡುತ್ತ ವೋಲ್ಟೇಜ್ ಕಾಯುತ್ತದೆ. ಇನ್ನೊಂದು ಕಟೌಟ್. ಎಂಜಿನ್ ನಿಂತಾಗ ಬ್ಯಾಟರಿಯ ಕರೆಂಟ್ ಹಿಂದಕ್ಕೆ ಡೈನಮೊಗೆ ಹರಿದುಹೋಗದಂತೆ, ಪಂಪಿನ ಫುಟ್‌ವಾಲ್ವ್ ನೀರನ್ನು ತಡೆಯುವ ಹಾಗೆ ತಡೆಯುತ್ತದೆ. ಬರ್ಮಿಂಗ್‌ಹ್ಯಾಮಿನ ಲ್ಯೂಕಾಸ್ ಕಂಪನಿಯ ಈ ಜೋಡಿ ಬ್ರಿಟಿಷ್ ಕಾರುಗಳ ಜೊತೆ ನಮ್ಮಲ್ಲಿಗೂ ಬಂತು. 1961ರಲ್ಲಿ ಮದ್ರಾಸಿನಲ್ಲಿ ಲ್ಯೂಕಾಸ್-ಟಿವಿಎಸ್ ಸ್ಥಾಪನೆಯಾಯಿತು.

ಡೈನಮೊ, ರೆಗ್ಯುಲೇಟರ್ ಕೆಲಸ ಮಾಡುವ ಈ ಕ್ರಮ ಗೊತ್ತಿದ್ದವರಿಗೆ ದೋಷ ಹುಡುಕುವುದು ಸುಲಭ. ಗೊತ್ತಿಲ್ಲದವರು ಮೊದಲು ಹೊಸ ಬ್ಯಾಟರಿ ಕೊಳ್ಳುತ್ತಾರೆ, ಆಮೇಲೆ ರೆಗ್ಯುಲೇಟರ್, ಕೊನೆಗೆ ಡೈನಮೊ. ನೋಡಬೇಕಾದದ್ದು ಮೊದಲು ಫ್ಯಾನ್ ಬೆಲ್ಟ್. ನಡುವೆ ಬೆರಳಿಂದ ಒತ್ತಿದರೆ ಅರ್ಧ ಇಂಚಿನಷ್ಟು ಬಾಗಬೇಕು, ಸಡಿಲಿದ್ದರೆ ಡೈನಮೊ ಸರಿಯಾಗಿ ತಿರುಗುವುದೇ ಇಲ್ಲ. ಆಮೇಲೆ ಬ್ಯಾಟರಿಯ ಟರ್ಮಿನಲ್‌ಗಳು, ಕಾರಿನ ಲೋಹದ ಬಾಡಿಗೆ ಕೂಡಿಸಿದ ಅರ್ತ್ ಪಟ್ಟಿ. ಇಲ್ಲೊಂದು ಎಚ್ಚರ ಬೇಕು. ಆ ಕಾಲದ ಬಹಳಷ್ಟು ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯೇ ಬಾಡಿಗೆ ಸೇರಿರುತ್ತದೆ. ಇಂದಿನ ಅಭ್ಯಾಸದಂತೆ ಮೈನಸ್ ಕೊಟ್ಟರೆ ಕೆಟ್ಟಿತು.

ದೀಪದ ನಡತೆಯೇ ಅರ್ಧ ವಿಷಯ ಹೇಳುತ್ತದೆ. ಅದರ ಒಂದು ತುದಿ ಇಗ್ನಿಷನ್ ಸ್ವಿಚ್ಚಿಗೆ, ಇನ್ನೊಂದು ಡೈನಮೊಗೆ. ಎರಡೂ ಕಡೆ ವೋಲ್ಟೇಜ್ ಸಮವಾದಾಗ ಆರುತ್ತದೆ. ಐಡ್ಲಿಂಗ್‌ನಲ್ಲಿ ಮಿಣುಕಿದರೆ ಗಾಬರಿ ಬೇಡ, ಡೈನಮೊದ ಸ್ವಭಾವವೇ ಅದು. ರಾತ್ರಿ ಹೆಡ್‌ಲೈಟ್ ಹಾಕಿದಾಗ ಮಾತ್ರ ಓಡುತ್ತಿರುವಾಗಲೂ ಮಂದವಾಗಿ ಹೊತ್ತಿದರೆ, ಮೊದಲು ತಂತಿಯ ಸಂಧಿಗಳನ್ನು ಉಜ್ಜಿ ನೋಡಬೇಕು. ಕೀ ತಿರುಗಿಸಿದಾಗಲೂ ಹೊತ್ತದಿದ್ದರೆ ಬಲ್ಬ್ ಸುಟ್ಟಿರಬಹುದು.

ಇಷ್ಟೂ ಸರಿಯಿದ್ದರೆ ಡೈನಮೊವನ್ನು ಒಂಟಿಯಾಗಿ ಪರೀಕ್ಷಿಸಬೇಕು. ಲ್ಯೂಕಾಸ್ ಡೈನಮೊದ ಡಿ ಮತ್ತು ಎಫ್ ಎಂಬ ಎರಡು ತಂತಿಗಳನ್ನೂ ಬಿಚ್ಚಿ, ಆ ಎರಡು ಟರ್ಮಿನಲ್‌ಗಳನ್ನು ಒಂದು ತುಂಡು ತಂತಿಯಿಂದ ಕೂಡಿಸಿ, ಅಲ್ಲಿಂದ ಬಾಡಿಗೆ ವೋಲ್ಟ್‌ಮೀಟರ್ ಹಿಡಿದು ಎಂಜಿನ್ ವೇಗವನ್ನು ನಿಧಾನಕ್ಕೆ ಏರಿಸಬೇಕು. ಮುಳ್ಳು ಸರಾಗವಾಗಿ ಮೇಲೇರಿದರೆ ಡೈನಮೊ ಗಟ್ಟಿ. 20 ವೋಲ್ಟ್ ಮುಟ್ಟಲು ಬಿಡಬಾರದು. ಏನೂ ತೋರಿಸದಿದ್ದರೆ ಕಾರ್ಬನ್ ಬ್ರಷ್ ನೋಡಬೇಕು. ಅರ್ಧದಿಂದ ಒಂದು ವೋಲ್ಟ್ ಬಂದು ನಿಂತರೆ ಫೀಲ್ಡ್ ಕಾಯಿಲ್, ಬ್ಯಾಟರಿ ವೋಲ್ಟೇಜಿನ ಅರ್ಧದಷ್ಟು ಬಂದರೆ ಆರ್ಮೇಚರ್ (ಒಳಗೆ ತಿರುಗುವ ಸುರುಳಿ) ಕೆಟ್ಟಿರಬಹುದು. ಅಗ್ಗದ ಬ್ರಷ್ಷೋ ದುಬಾರಿ ರೀವೈಂಡಿಂಗೋ ಎಂಬುದು ಇಲ್ಲೇ ತೀರ್ಮಾನವಾಗುತ್ತದೆ. ಡೈನಮೊ ಪಾಸಾದರೆ ಮಾತ್ರ ರೆಗ್ಯುಲೇಟರಿನ ಮುಚ್ಚಳ ತೆಗೆಯಬೇಕು. ಕಟೌಟ್ ಸುಮಾರು 13 ವೋಲ್ಟಿಗೆ ಮುಚ್ಚಿಕೊಳ್ಳಬೇಕು. ಎಂಜಿನ್ ನಿಲ್ಲಿಸಿದ ಮೇಲೂ ಅದರ ಪಾಯಿಂಟ್‌ಗಳು ಅಂಟಿಕೊಂಡೇ ಇದ್ದರೆ ತಕ್ಷಣ ಬ್ಯಾಟರಿ ಬಿಚ್ಚಬೇಕು, ಇಲ್ಲವಾದರೆ ವೈರಿಂಗ್ ಸುಡುತ್ತದೆ.

1960ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ವೇಲಿಯಂಟ್ ಕಾರಿನಲ್ಲಿ ಡೈನಮೊ ಬದಲು ಆಲ್ಟರ್ನೇಟರ್ ತಂದಿತು. ಅದರ ಎಸಿ ಕರೆಂಟನ್ನು ಡಿಸಿಯಾಗಿಸುವ ಸಿಲಿಕಾನ್ ಡಯೋಡ್ ಬಂದದ್ದರಿಂದ ಅದು ಸಾಧ್ಯವಾಯಿತು. ಲ್ಯೂಕಾಸ್ ಸಿ40 ಡೈನಮೊ ಕೊಡುವುದು ಹೆಚ್ಚೆಂದರೆ 22 ಆಂಪಿಯರ್, 16ಎಸಿಆರ್ ಆಲ್ಟರ್ನೇಟರ್ 34. ಆಲ್ಟರ್ನೇಟರ್ ಐಡ್ಲಿಂಗ್‌ನಲ್ಲೂ ಒಂದಿಷ್ಟು ಕೊಡುತ್ತದೆ. ಸಿಗ್ನಲ್‌ನಲ್ಲಿ ಸಾಲುಗಟ್ಟಿ ನಿಲ್ಲುವ ನಗರಕ್ಕೆ ಇದು ಸರಿ ಎಂದು ಹಲವರು ಹಳೆ ಕಾರುಗಳಿಗೆ ಆಲ್ಟರ್ನೇಟರ್ ಕೂರಿಸುತ್ತಾರೆ. ದಿನವೂ ಓಡಿಸುವವರ ಈ ಆಯ್ಕೆಯನ್ನು ನಾನು ತಪ್ಪೆನ್ನಲಾರೆ. ಆದರೆ ಪ್ರದರ್ಶನಕ್ಕೆ, ವಾರಾಂತ್ಯದ ಓಡಾಟಕ್ಕೆ ಇಟ್ಟ ಕಾರಿನಿಂದ ಡೈನಮೊ ಕಿತ್ತೆಸೆಯುವುದು ಸರಿಯಲ್ಲ. ಹೆಡ್‌ಲೈಟ್, ಟೇಲ್‌ಲೈಟ್, ಇಗ್ನಿಷನ್ ಸೇರಿ ಅದಕ್ಕೆ ಬೇಕಾಗುವುದು ಹನ್ನೆರಡು-ಹದಿಮೂರು ಆಂಪಿಯರ್. ಅಷ್ಟನ್ನು ಡೈನಮೊ ಓಡುವಾಗ ಕೊಟ್ಟೇ ಕೊಡುತ್ತದೆ. ಹಿಂಬದಿಯ ಬುಷ್‌ಗೆ ಆಗಾಗ ಎರಡು ಹನಿ ಎಣ್ಣೆ ಬಿಟ್ಟರೆ ಸಾಕು.

ಬಹುಕಾಲ ಷೆಡ್ಡಿನಲ್ಲೇ ನಿಂತ ಕಾರಿನ ಡೈನಮೊ ಕೆಲವೊಮ್ಮೆ ಎಲ್ಲವೂ ಸರಿಯಿದ್ದೂ ಚಾರ್ಜ್ ಕೊಡುವುದಿಲ್ಲ. ಫೀಲ್ಡ್ ಕಾಯಿಲಿನ ಕಬ್ಬಿಣದಲ್ಲಿ ಉಳಿದಿರಬೇಕಾದ ಚೂರು ಕಾಂತಶಕ್ತಿ ಕಳೆದುಹೋಗಿರುತ್ತದೆ. ಆಗ ಡೈನಮೊದ ಎರಡೂ ತಂತಿ ಬಿಚ್ಚಿ, ಬ್ಯಾಟರಿಯ ಎರಡು ತುದಿಗಳಲ್ಲಿ ಬಾಡಿಗೆ ಸೇರದಿರುವ ತುದಿಯಿಂದ ಒಂದು ತಂತಿ ತಂದು ಎಫ್ ಟರ್ಮಿನಲ್ಲಿಗೆ ಒಂದೇ ಕ್ಷಣ ತಾಗಿಸಬೇಕು. ತಂತಿಗಳನ್ನು ಮತ್ತೆ ಕೂಡಿಸಿ ಸ್ಟಾರ್ಟ್ ಮಾಡಿದರೆ, ಬೇರೆ ದೋಷವಿಲ್ಲದಿದ್ದಲ್ಲಿ, ಚಾರ್ಜಿಂಗ್ ಮತ್ತೆ ಶುರುವಾಗುತ್ತದೆ.