ಹಬ್ಬಕ್ಕೆ ಹೂವು ಸಾಕು, ಉಜ್ಜೋದು ನೋಡೋಕೆ!

ಓರಗೆಯ ಹುಡುಗರೆಲ್ಲ ಕ್ರಿಕೆಟಿಗರ ಕಾರ್ಡ್ ಕೂಡಿಹಾಕುತ್ತಿದ್ದ ಕಾಲದಲ್ಲಿ ನಾನು ರೈಲು ಎಂಜಿನ್‌ಗಳ ನಂಬರ್ ಬರೆದಿಡುತ್ತಿದ್ದೆ. ಡೀಸೆಲ್ ಎಂಜಿನ್‌ಗಳು ಸಿಕ್ಕಾಪಟ್ಟೆ ಸಿಗುತ್ತಿದ್ದವು. ಉಗಿ ಎಂಜಿನ್ ಬೇಕೆಂದರೆ ನೀಲಗಿರಿಗೇ ಹೋಗಬೇಕು. ದಸರಾ ರಜೆಗೆ ಕೂನೂರಿನ ಅತ್ತೆ ಮನೆಗೆ ಹೋದಾಗೆಲ್ಲ ಸ್ಟೇಷನ್ನೇ ನನ್ನ ಠಿಕಾಣಿ.

ಒಂದು ವರ್ಷ ಆಯುಧಪೂಜೆಯ ಹಿಂದಿನ ದಿನ ಅಲ್ಲಿದ್ದೆ. ಕೆಲಸಗಾರರು ಎಣ್ಣೆಬಟ್ಟೆ ಹಿಡಿದು ಎಂಜಿನ್ನಿನ ನೀಲಿ ಮೈ ಉಜ್ಜುತ್ತಿದ್ದರು. ಹಿತ್ತಾಳೆ ಭಾಗಗಳಂತೂ ಹುಣಸೆಹಣ್ಣು ಹಾಕಿ ತಿಕ್ಕಿದ ದೇವರ ಪಾತ್ರೆ ಹಾಗೆ ಫಳಫಳ! ‘ಹಬ್ಬಕ್ಕಾ ಇದೆಲ್ಲ?’ ಅಂತ ಕೇಳಿದೆ. ಹಿರಿಯರೊಬ್ಬರು ನಕ್ಕು, ‘ಹಬ್ಬಕ್ಕೆ ಹೂವು ಸಾಕು. ಉಜ್ಜೋದು ನೋಡೋಕೆ’ ಅಂದರು. ಆಗತಾನೇ ಒರೆಸಿದ ಒಂದು ಜೋಡಣೆಯ ಬಳಿ ಸಣ್ಣಗೆ ಜಿನುಗುತ್ತಿದ್ದ ಎಣ್ಣೆ ತೋರಿಸಿದರು. ಜಿಡ್ಡು ಮೆತ್ತಿದ್ದರೆ ಅದು ಕಾಣುತ್ತಲೇ ಇರಲಿಲ್ಲ.

ಆ ಮಾತಿನ ತೂಕ ಗೊತ್ತಾಗಿದ್ದು ಎಂಜಿನಿಯರಿಂಗ್ ಓದುವಾಗ. ಮೇಟ್ಟುಪಾಳ್ಯಂನಿಂದ ಊಟಿಗೆ 46 ಕಿ.ಮೀ. ಕಡಿದಾದ ಕಡೆ 12.5 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೇರಬೇಕು. ಬರೀ ಚಕ್ರದ ಹಿಡಿತ ಅಲ್ಲಿ ಸಾಲದು. ಅದಕ್ಕೇ ಎರಡು ಹಳಿಗಳ ನಡುವೆ ಹಲ್ಲುಗಳಿರುವ ಉಕ್ಕಿನ ಪಟ್ಟಿ ಹಾಕಿದ್ದಾರೆ. ಎಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಏರುತ್ತದೆ. ಸ್ವಿಟ್ಜರ್ಲೆಂಡಿನ ವಿಂಟರ್‌ಥುರ್‌ನಲ್ಲಿ ತಯಾರಾದ ಈ ‘ಎಕ್ಸ್’ ವರ್ಗದ ಎಂಜಿನ್‌ಗೆ ನಾಲ್ಕು ಸಿಲಿಂಡರ್. ಕೆಳಗಿನ ಜೋಡಿ ಸಾಮಾನ್ಯ ಚಕ್ರಗಳನ್ನು ತಿರುಗಿಸಿದರೆ, ಅಲ್ಲಿ ದುಡಿದು ಬಂದ ಉಗಿಯೇ ಮೇಲಿನ ಜೋಡಿಗೆ ಹೋಗಿ ಹಲ್ಲುಚಕ್ರ ತಿರುಗಿಸುತ್ತದೆ. ಏರುವಾಗ ಎಂಜಿನ್ ಹಿಂದಿನಿಂದ ಬೋಗಿಗಳನ್ನು ತಳ್ಳುತ್ತದೆ. ಮುಂದೆ ಬೋಗಿ ತುಂಬ ಜನ, ಪಕ್ಕದಲ್ಲಿ ಕಣಿವೆ. ಇಂಥಲ್ಲಿ ಒಂದು ಬಿರುಕು ಕಣ್ಣು ತಪ್ಪಿದರೆ?

ಅಂದರೆ ಆ ಹೊಳಪು ಶೋಕಿಯಲ್ಲ. ಯಂತ್ರದ ಅಂಗುಲ ಅಂಗುಲಕ್ಕೂ ಯಾರದೋ ಕೈ ತಾಗಿದೆ, ಕಣ್ಣು ಹೋಗಿದೆ ಅನ್ನೋದಕ್ಕೆ ಸಾಕ್ಷಿ. ಅಂದಿನಿಂದ ನನ್ನ ನೋಟ್‌ಬುಕ್ಕಿನಲ್ಲಿ ನಂಬರ್ ಜೊತೆಗೆ ಎಂಜಿನ್ ಹೇಗಿತ್ತು ಅಂತಲೂ ಎರಡು ಸಾಲು ಇರುತ್ತಿತ್ತು.

2005ರಲ್ಲಿ ಈ ಮಾರ್ಗ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಕಲ್ಲಿದ್ದಲಿನ ಜಾಗಕ್ಕೆ ಎಣ್ಣೆ ಬಂತು. ತಿರುಚಿರಾಪಳ್ಳಿಯ ಪೊನ್ಮಲೈ ವರ್ಕ್‌ಶಾಪಿನಲ್ಲಿ ಹೊಸ ಉಗಿ ಎಂಜಿನ್‌ಗಳೂ ತಯಾರಾದವು. ಉಜ್ಜುವ ಕೆಲಸಕ್ಕೆ ಮಾತ್ರ ಇನ್ನೂ ಕೈಯೇ ಬೇಕು.

ನೀವು ಹೋಗೋದಾದರೆ ಮೇಟ್ಟುಪಾಳ್ಯಂನಿಂದ ಕೂನೂರಿನವರೆಗಿನ ಟಿಕೆಟ್ ತಪ್ಪಿಸಬೇಡಿ. ಉಗಿ ಎಂಜಿನ್ ಇರೋದು ಅಲ್ಲಿಯೇ, ಮುಂದೆ ಊಟಿಗೆ ಡೀಸೆಲ್. ಹಿಲ್‌ಗ್ರೋವ್‌ನಲ್ಲಿ ನೀರು ತುಂಬಿಸಲು ನಿಂತಾಗ ಸೆಲ್ಫಿ ಆಮೇಲೆ ತೆಗೆದುಕೊಳ್ಳಿ. ಎಣ್ಣೆಬಟ್ಟೆ ಹಿಡಿದವರ ಕಣ್ಣು ಎಲ್ಲಿ ಹೋಗುತ್ತೆ, ಮೊದಲು ಅದನ್ನು ನೋಡಿ.