ಹಿರಿಯರನ್ನು ಹುಡುಕುವ ದಾರಿ

ಮೃತರನ್ನು ವಿಶೇಷವಾಗಿ ಸ್ಮರಿಸುವ ನವೆಂಬರ್ ತಿಂಗಳಿನಲ್ಲಿ ನಮ್ಮ ಮಲೆನಾಡಿನ ಕಥೋಲಿಕ ಕುಟುಂಬಗಳು ಸಮಾಧಿಗಳನ್ನು ಶುಚಿಗೊಳಿಸಿ, ಮೇಣದ ಬತ್ತಿ ಹಚ್ಚಿ, ಅಗಲಿದವರ ಹೆಸರಿನಲ್ಲಿ ಪೂಜೆಯನ್ನು ಅರ್ಪಿಸುವುದುಂಟು. ಆ ಹೆಸರುಗಳ ಪಟ್ಟಿ ಸಾಮಾನ್ಯವಾಗಿ ಅಜ್ಜ, ಅಜ್ಜಿಯರಲ್ಲಿಗೆ ನಿಂತುಬಿಡುತ್ತದೆ. ಅದಕ್ಕೂ ಹಿಂದಿನವರು ಯಾರು, ಎಲ್ಲಿಂದ ಬಂದರು ಎಂದು ಸಕಲೇಶಪುರ, ಹೆಗ್ಗದ್ದೆ, ಆಲೂರುಗಳ ಕಡೆ ವಿಚಾರಿಸಿದರೆ, ‘ಘಟ್ಟದ ಕೆಳಗಿನಿಂದ ಬಂದವರಂತೆ’ ಎಂಬುದಷ್ಟೇ ಅನೇಕರ ಉತ್ತರ. ಆ ‘ಅಂತೆ’ಯನ್ನು ದಾಟಿ ಮುಂದಕ್ಕೆ ಹೋಗಲು ದಾರಿಯಿದೆ. ಆ ದಾರಿಯನ್ನು ನಮಗಿಂತ ಮೊದಲೇ ತುಳಿದವರು ಐರ್ಲೆಂಡಿನ ಜನ.

1845ರಿಂದ 1852ರವರೆಗಿನ ಆಲೂಗೆಡ್ಡೆ ಕ್ಷಾಮದಲ್ಲಿ ಐರ್ಲೆಂಡಿನ ಸುಮಾರು 10 ಲಕ್ಷ ಜನ ಮಡಿದರು. ಅಷ್ಟೇ ಜನ, ಅಥವಾ ಇನ್ನೂ ಹೆಚ್ಚು, ಹಡಗು ಹತ್ತಿ ಪರದೇಶ ಸೇರಿದರು. ಅವರ ಸಂತತಿ ತನ್ನ ಬೇರನ್ನು ಅರಸುವಾಗ ಎದುರಾಗುವ ದೊಡ್ಡ ತೊಡಕು 1922ರದು. ಆ ವರ್ಷದ ಅಂತರ್ಯುದ್ಧದಲ್ಲಿ ಡಬ್ಲಿನ್ ನಗರದ ಸರ್ಕಾರಿ ದಾಖಲೆ ಭಂಡಾರ ನಾಶವಾಗಿ, 1821ರಿಂದ 1851ರವರೆಗಿನ ಜನಗಣತಿಯ ಹಾಳೆಗಳಲ್ಲಿ ಬಹುಪಾಲು ಬೂದಿಯಾದವು. ಆದರೂ ಅವರು ಕೈಚೆಲ್ಲಲಿಲ್ಲ. ರಿಚರ್ಡ್ ಗ್ರಿಫಿತ್ ಅವರ ಮೇಲ್ವಿಚಾರಣೆಯಲ್ಲಿ 1847ರಿಂದ 1864ರ ನಡುವೆ ಪ್ರಕಟವಾದ ಭೂಮೌಲ್ಯದ ಪಟ್ಟಿಗಳು ಉಳಿದಿದ್ದವು. ಯಾವ ಜಮೀನಿನ ಒಡೆಯ ಯಾರು, ಅದನ್ನು ಹಿಡಿದಿದ್ದವನು ಯಾರು ಎಂಬುದನ್ನು ಅವು ತಿಳಿಸುತ್ತವೆ. ಪಟ್ಟಿಯ ಸಂಖ್ಯೆಯನ್ನು ನಕಾಶೆಯ ಸಂಖ್ಯೆಗೆ ತಾಳೆ ನೋಡಿದರೆ ಪೂರ್ವಜನ ಹೊಲವೇ ಕಣ್ಣೆದುರಿಗೆ ಬರುತ್ತದೆ. ತೆರಿಗೆಗಾಗಿ ಬರೆದ ಲೆಕ್ಕ ವಂಶಾವಳಿಗೆ ಆಧಾರವಾಯಿತು.

ನಮ್ಮ ಚರಿತ್ರೆಯಲ್ಲೂ ಇಂತಹುದೇ ಒಂದು ಕಡಿತವಿದೆ. 1784ರಲ್ಲಿ ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ ಕರಾವಳಿಯ ಕಥೋಲಿಕರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಸಾಗಿಸಲ್ಪಟ್ಟರು. ಅವರ ಚರ್ಚುಗಳು ನೆಲಸಮವಾದವು. 1799ರ ತರುವಾಯ ಉಳಿದವರು ಹಿಂದಿರುಗಿ ಮತ್ತೆ ಬದುಕು ಕಟ್ಟಿದರು. ಆದ್ದರಿಂದ ಅದಕ್ಕೆ ಹಿಂದಿನ ಕೊಂಡಿ ದೊರೆಯುವುದು ಕಷ್ಟ. ಆದರೆ ಅಲ್ಲಿಂದ ಈಚೆಗಿನ ಎರಡು ಶತಮಾನಗಳನ್ನು ನಾವೇಕೆ ಕೈಬಿಡಬೇಕು?

ಮೊದಲು ಬೇಕಾದುದು ಸ್ಥಳದ ಹೆಸರು. ಮರ್ಫಿ ಎಂಬ ಉಪನಾಮವೊಂದನ್ನೇ ಹಿಡಿದು ಹೋದವನಿಗೆ ಐರ್ಲೆಂಡಿನಲ್ಲಿ ಏನೂ ಸಿಗದು. 60,000ಕ್ಕೂ ಮಿಕ್ಕಿದ ಅಲ್ಲಿನ ಪುಟ್ಟ ಊರುಗಳ ಪೈಕಿ ತನ್ನದು ಯಾವುದೆಂದು ಅವನು ಅರಿಯಬೇಕು. ಡಿಸೋಜ, ಪಿಂಟೊ, ಲೋಬೊ ಎಂಬ ಹೆಸರುಗಳ ಪಾಡೂ ಅದೇ. ಮನೆತನದ ಹೆಸರು, ಮೂಲ ಚರ್ಚು, ಅದರೊಳಗಿನ ವಾಡೊ ತಿಳಿದರೆ ಮಾತ್ರ ಹುಡುಕಾಟ ಸಾಗುತ್ತದೆ. ಸ್ಥಳನಾಮವು ಸ್ವತಃ ಒಂದು ದಾಖಲೆಯೂ ಹೌದು. ಐರ್ಲೆಂಡಿನಲ್ಲಿ ಗೋರ್ಟ್‌ಮೋರ್ ಎಂಬ ಊರುಗಳಿವೆ. ಐರಿಷ್ ಭಾಷೆಯಲ್ಲಿ ‘ದೊಡ್ಡ ಹೊಲ’ ಎಂದರ್ಥ. ನಮ್ಮ ಹೆಗ್ಗದ್ದೆಯೂ ಹಿರಿದಾದ ಗದ್ದೆಯೇ ಅಲ್ಲವೇ? ಇಂದು ಕಾಫಿಗೆ ಹೆಸರಾದ ಈ ಸೀಮೆಯ ಬಯಲುಗಳಲ್ಲಿ ಭತ್ತವೇ ಬದುಕಾಗಿದ್ದ ಕಾಲವನ್ನು ಆ ಹೆಸರು ನೆನಪಿಸುತ್ತದೆ.

ಎರಡನೆಯದು ಚರ್ಚಿನ ದಾಖಲೆ ಪುಸ್ತಕ. ಜ್ಞಾನಸ್ನಾನ ಮತ್ತು ವಿವಾಹಗಳನ್ನು ಬರೆದಿಡಬೇಕೆಂಬುದು 1563ರಲ್ಲಿ ತ್ರೆಂತ್ ಮಹಾಸಭೆ ವಿಧಿಸಿದ ನಿಯಮ. ಹಳೆಯ ಬರಹಗಳು ಲತೀನಿನಲ್ಲಿರುವುದರಿಂದ ಮನೆಯಲ್ಲಿ ಇನಾಸನಾಗಿದ್ದವನು ಅಲ್ಲಿ ಇಗ್ನಾತಿಯುಸ್ ಆಗಿರುತ್ತಾನೆ. ಜುವಾಂವನು ಯೊವಾನ್ನೆಸ್ ಆಗಿರುತ್ತಾನೆ. 1908ರಲ್ಲಿ ಜಾರಿಗೆ ಬಂದ ನಿಯಮದಂತೆ ಒಬ್ಬನ ವಿವಾಹವನ್ನು ಅವನ ಜ್ಞಾನಸ್ನಾನದ ಬರಹದ ಪಕ್ಕದಲ್ಲಿಯೂ ನಮೂದಿಸಬೇಕು. ಹೀಗಾಗಿ ಘಟ್ಟದ ಮೇಲಿನ ಮದುವೆಯ ಸುಳಿವು ಘಟ್ಟದ ಕೆಳಗಿನ ಪುಸ್ತಕದ ಅಂಚಿನಲ್ಲಿ ಅಡಗಿರಬಹುದು. 1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯ ರೂಪುಗೊಳ್ಳುವ ಮುನ್ನ ಹಾಸನ ಜಿಲ್ಲೆ ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿತ್ತು ಎಂಬುದನ್ನೂ ಹುಡುಕುವವರು ನೆನಪಿಡಬೇಕು.

ಮೂರನೆಯದು ಭೂದಾಖಲೆ. ಇಂದಿನ ಸಕಲೇಶಪುರ ತಾಲ್ಲೂಕು ಹಿಂದಿನ ಕಾಗದಗಳಲ್ಲಿ ಮಂಜರಾಬಾದ್ ಎಂದೇ ಇದೆ. ಅದು ಮೈಸೂರು ಸಂಸ್ಥಾನದ್ದು. ದಕ್ಷಿಣ ಕನ್ನಡವೋ ಮದ್ರಾಸ್ ಪ್ರಾಂತ್ಯದ್ದು. ಒಂದೇ ಕುಟುಂಬದ ಕಥೆ ಎರಡು ಸರ್ಕಾರಗಳ ಕಡತಗಳಲ್ಲಿ ಹಂಚಿಹೋಗಿರುವುದು ಹೀಗೆ. ಗ್ರಾಮ ನಕಾಶೆ ಸರ್ವೆ ನಂಬರು, ಹಳ್ಳ, ಕೆರೆ, ಗಡಿಗಳನ್ನು ತೋರಿಸುತ್ತದೆ. ಆಕಾರಬಂದಿಯಲ್ಲಿ ವಿಸ್ತೀರ್ಣ ಮತ್ತು ಕಂದಾಯ, ಪಹಣಿಯಲ್ಲಿ ಹಿಡುವಳಿದಾರನ ಹೆಸರು ದೊರೆಯುತ್ತವೆ. ಪೌತಿ ಖಾತೆ ಬದಲಾವಣೆಗೆ ಸಲ್ಲಿಸಿದ ವಂಶವೃಕ್ಷ ಸಿಕ್ಕಿತೆಂದರೆ ಎರಡು ಮೂರು ತಲೆಮಾರು ಒಮ್ಮೆಲೇ ಬೆಳಕಿಗೆ ಬರುತ್ತವೆ.

ನಕಾಶೆಯ ಬೆಲೆ ಅರಿಯಲು ದೂರ ಹೋಗಬೇಕಿಲ್ಲ. ಸಕಲೇಶಪುರದ ಬದಿಯಲ್ಲಿ ಹರಿಯುವ ಹೇಮಾವತಿಗೆ ಗೊರೂರಿನಲ್ಲಿ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಹಿನ್ನೀರಿನಿಂದ ಶೆಟ್ಟಿಹಳ್ಳಿಯ ಜನ ನೆಲೆ ಬಿಟ್ಟರು. 1860ರ ಸುಮಾರಿಗೆ ಫ್ರೆಂಚ್ ಗುರುಗಳು ಕಟ್ಟಿಸಿದ ಅಲ್ಲಿನ ಜಪಮಾಲೆ ಮಾತೆಯ ದೇವಾಲಯ ಮಳೆಗಾಲದಲ್ಲಿ ನೀರಿನ ನಡುವೆ ನಿಲ್ಲುವ ಪಾಳು ಗೋಡೆಯಾಯಿತು. ಮುಳುಗಿದ ಹೊಲದ ಗಡಿಯನ್ನು ಇಂದು ಹಳೆಯ ನಕಾಶೆಯಲ್ಲಿ ಮಾತ್ರ ಕಾಣಬಹುದು.

ಆದರೆ ನಕಾಶೆಗೂ ಒಂದು ಮಿತಿಯಿದೆ. 1843ರಲ್ಲಿ ಗ್ರೀನ್ ಎಂಬ ಯುರೋಪಿಯನ್ನರು ಮಂಜರಾಬಾದಿನಲ್ಲಿ ಕಾಫಿ ತೋಟ ತೆರೆದ ಮೇಲೆ ಈ ಬೆಟ್ಟಗಳಿಗೆ ದುಡಿಮೆ ಅರಸಿ ಬಂದವರು ಅನೇಕರು. ಅವರಲ್ಲಿ ತೋಟದ ಲೈನುಗಳಲ್ಲಿ ಬಾಳಿ, ಅಲ್ಲಿಯೇ ಮಡಿದವರಿಗೆ ಸರ್ವೆ ನಂಬರಿಲ್ಲ, ಪಹಣಿಯಿಲ್ಲ. ಒಡೆಯನ ಹೆಸರು ಭೂದಾಖಲೆಯಲ್ಲಿ ಉಳಿಯಿತು. ಗಿಡ ನೆಟ್ಟ ಕೈಗಳದು ಉಳಿಯಲಿಲ್ಲ. ಅಂತಹ ಕಥೋಲಿಕ ಕುಟುಂಬಗಳಿಗೆ ಜ್ಞಾನಸ್ನಾನದ ಪುಸ್ತಕದ ಒಂದು ಸಾಲೇ ಹಲವೊಮ್ಮೆ ಉಳಿದಿರುವ ಸಾಕ್ಷ್ಯ. ತಂದೆ, ತಾಯಿ, ಜ್ಞಾನಪೋಷಕರು, ದಿನಾಂಕ: ಅಷ್ಟರಲ್ಲಿ ಒಂದು ಬಾಳು ನಿಂತಿದೆ.

ಮಲೆನಾಡಿನ ತೇವಕ್ಕೂ ಹುಳುವಿಗೂ ಕಾಗದದ ಮೇಲೆ ಕರುಣೆಯಿಲ್ಲ. ಆದಕಾರಣ ಓದುಗರು ಈ ಕೆಲಸವನ್ನು ಮುಂದೂಡದಿರಲಿ. ಮನೆಯ ಹಿರಿಯರಿಂದ ಕೇಳಿದ್ದನ್ನು ಮೊದಲು ಬರೆದುಕೊಳ್ಳಿ. ವಿಚಾರಣಾ ಗುರುಗಳ ಅನುಮತಿ ಪಡೆದು ದಾಖಲೆ ನೋಡಿ. ತಾಲ್ಲೂಕು ಕಚೇರಿಯಲ್ಲಿ ನಕಲಿಗೆ ಅರ್ಜಿ ಸಲ್ಲಿಸಿ. ದೊರೆತ ಹೆಸರುಗಳನ್ನು ಬರುವ ನವೆಂಬರಿನ ಪಟ್ಟಿಗೆ ಸೇರಿಸಿ. ಭೂಮಿಯಿಲ್ಲದೆ ಹೋದವರ ಹೆಸರುಗಳಿಗೆ ಅದರಲ್ಲಿ ಮೊದಲ ಸ್ಥಾನವಿರಲಿ.