ಲಂಡನ್ನಿನ ಬೀದಿನುಡಿ

ಲಂಡನ್ ಮಹಾನಗರದ ಪೂರ್ವಭಾಗಕ್ಕೆ ಈಸ್ಟ್ ಎಂಡ್ ಎಂದು ಹೆಸರು. ಥೇಮ್ಸ್ ನದಿಯ ಹಡಗುಕಟ್ಟೆಗಳಲ್ಲಿ ಹೊರೆ ಹೊರುತ್ತಿದ್ದ ಕೂಲಿಗಳು, ತಳ್ಳುಗಾಡಿಗಳಲ್ಲಿ ಹಣ್ಣು, ತರಕಾರಿ, ಮೀನು ಮಾರುತ್ತಿದ್ದ ಬೀದಿ ವ್ಯಾಪಾರಿಗಳು, ಹೊಲಿಗೆ ಕೆಲಸದವರು ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಕಿಕ್ಕಿರಿದು ವಾಸಿಸುತ್ತಿದ್ದರು. ಅಲ್ಲಿನವರನ್ನು ಕಾಕ್ನಿಗಳೆಂದು ಕರೆಯುವುದು ವಾಡಿಕೆ. ಚೀಪ್‌ಸೈಡ್ ಬೀದಿಯ ಸೇಂಟ್ ಮೇರಿ-ಲಿ-ಬೋ ಚರ್ಚಿನ ಗಂಟೆಗಳ ನಾದ ಕೇಳಿಸುವಷ್ಟು ದೂರದೊಳಗೆ ಹುಟ್ಟಿದವನೇ ನಿಜವಾದ ಕಾಕ್ನಿ ಎಂಬ ಹಳೆಯ ಮಾತೊಂದಿದೆ. 1941ರಲ್ಲಿ ಜರ್ಮನ್ ವಿಮಾನಗಳ ಬಾಂಬಿಗೆ ಆ ಗಂಟೆಗಳು ಆಹುತಿಯಾದವು; ಹೊಸ ಗಂಟೆಗಳು ಮೊಳಗಿದ್ದು 1961ರಲ್ಲಿ. ಹಳೆಯ ಮಾತನ್ನು ಅಕ್ಷರಶಃ ಹಿಡಿದರೆ, ನಡುವಣ ಇಪ್ಪತ್ತು ವರ್ಷಗಳಲ್ಲಿ ಲಂಡನ್ನಿನಲ್ಲಿ ಒಬ್ಬ ಕಾಕ್ನಿಯೂ ಹುಟ್ಟಲಿಲ್ಲವೆಂದು ಹೇಳಬೇಕಾದೀತು!

ಪುಸ್ತಕದಿಂದ ಇಂಗ್ಲಿಷ್ ಕಲಿತವನೊಬ್ಬನು ಈ ಬೀದಿಗಳಲ್ಲಿ ನಿಂತರೆ, ಕಿವಿಗೆ ಬೀಳುವ ಒಂದೊಂದು ಪದವೂ ಪರಿಚಿತವಾಗಿದ್ದು, ಮಾತಿನ ಅರ್ಥ ಮಾತ್ರ ತಿಳಿಯದೆ ಹೋಗಬಹುದು. 'ಆಪಲ್ಸ್ ಅಂಡ್ ಪೇರ್ಸ್' ಎಂದರೆ ಸೇಬು ಮತ್ತು ಪೇರು ಹಣ್ಣು ಎಂದು ಅವನು ಬಲ್ಲ. ಆದರೆ ಕಾಕ್ನಿಯ ಬಾಯಲ್ಲಿ ಅದಕ್ಕೆ ಮೆಟ್ಟಿಲು ಎಂದು ಅರ್ಥ! ಮೆಟ್ಟಿಲುಗಳಿಗೆ ಇಂಗ್ಲಿಷಿನಲ್ಲಿ 'ಸ್ಟೇರ್ಸ್' ಎನ್ನುತ್ತಾರೆ. ಅದಕ್ಕೆ 'ಪೇರ್ಸ್' ಪ್ರಾಸ. ಈ ಪ್ರಾಸವೊಂದೇ ಇವೆರಡಕ್ಕೂ ಇರುವ ಸಂಬಂಧ. ಇದರ ಚಮತ್ಕಾರ ಇಷ್ಟಕ್ಕೇ ಮುಗಿಯುವುದಿಲ್ಲ. ಅನೇಕ ಸಂದರ್ಭಗಳಲ್ಲಿ ಪ್ರಾಸ ಕೂಡುವ ಪದವನ್ನೇ ಕೈಬಿಟ್ಟು, ಪ್ರಾಸವಿಲ್ಲದ ಪದವನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. 'ಹೆಡ್' ಎಂದರೆ ತಲೆ. ಅದಕ್ಕೆ ಪ್ರಾಸ 'ಲೋಫ್ ಆಫ್ ಬ್ರೆಡ್', ಅಂದರೆ ಒಂದು ರೊಟ್ಟಿ. ಇದರಲ್ಲಿ 'ಬ್ರೆಡ್' ಬಿದ್ದುಹೋಗಿ 'ಲೋಫ್' ಉಳಿಯಿತು. 'ಯೂಸ್ ಯುವರ್ ಲೋಫ್' ಎಂದರೆ 'ತಲೆ ಉಪಯೋಗಿಸು' ಎಂದಾಯಿತು. 'ಲುಕ್' ಎಂಬುದಕ್ಕೆ ಪ್ರಾಸವಾಗಿ 'ಬುಚರ್ಸ್ ಹುಕ್', ಅಂದರೆ ಕಟುಕನ ಕೊಕ್ಕೆ, ಬಂದಿತು. ಕೊಕ್ಕೆಯೂ ಬಿದ್ದುಹೋಯಿತು. 'ಒಂದು ಬುಚರ್ಸ್ ಹಾಕು' ಎಂದರೆ ಒಮ್ಮೆ ನೋಡು ಎಂದರ್ಥ. ಗೆಳೆಯನನ್ನು 'ಚೈನಾ' ಎಂದು ಕರೆಯುವುದಕ್ಕೂ ಚೀನಾ ದೇಶಕ್ಕೂ ನೇರ ಸಂಬಂಧವಿಲ್ಲ. ಪಿಂಗಾಣಿ ತಟ್ಟೆಯಾದ 'ಚೈನಾ ಪ್ಲೇಟ್' ಎಂಬುದು ಗೆಳೆಯನೆಂಬರ್ಥದ 'ಮೇಟ್' ಎಂಬುದಕ್ಕೆ ಪ್ರಾಸವಾಗಿದೆ, ಅಷ್ಟೆ. ಹೊರಗಿನವನಿಗೆ ಸುಳಿವು ದೊರೆಯಬಹುದಾಗಿದ್ದ ಪದವನ್ನೇ ಅಡಗಿಸಿಡುವ ಈ ಉಪಾಯವನ್ನು ಬುದ್ಧಿವಂತಿಕೆಯೆಂದೇ ಹೇಳಬೇಕು.

ಈ ಬಗೆಯ ಪದಗಳನ್ನು ಜಾನ್ ಕ್ಯಾಮ್ಡನ್ ಹಾಟನ್ ಎಂಬ ಪ್ರಕಾಶಕನು 1859ರಲ್ಲಿ ತನ್ನ ನಿಘಂಟಿನಲ್ಲಿ ಸಂಗ್ರಹಿಸಿದನು. ಅದಕ್ಕೂ ಮೊದಲು, 1851ರಲ್ಲಿ, ಹೆನ್ರಿ ಮೇಹ್ಯೂ ಎಂಬ ಪತ್ರಿಕೋದ್ಯಮಿಯು ಲಂಡನ್ನಿನ ಬಡ ಶ್ರಮಜೀವಿಗಳನ್ನು ಕುರಿತ ತನ್ನ ಬೃಹದ್ಗ್ರಂಥದಲ್ಲಿ ಬೀದಿ ವ್ಯಾಪಾರಿಗಳ ಮತ್ತೊಂದು ಗುಟ್ಟಿನ ನುಡಿಯನ್ನು ವರ್ಣಿಸಿದ್ದನು. ಪದಗಳನ್ನು ಹಿಂದುಮುಂದಾಗಿ ಉಚ್ಚರಿಸುವುದೇ ಅದರ ರೀತಿ. 'ಪೆನ್ನಿ' ಎಂಬ ನಾಣ್ಯ ಅವರ ಬಾಯಲ್ಲಿ 'ಯೆನೆಪ್' ಆಗುತ್ತಿತ್ತು. ಇದು ಕೇವಲ ಹುಡುಗಾಟವಾಗಿರಲಿಲ್ಲ. ಗಾಡಿ ನಿಲ್ಲಿಸಬಾರದೆಂದು ಗದರಿಸುವ ಪೊಲೀಸಿನವನಿಗೂ, ಎದುರಿಗೆ ನಿಂತ ಗಿರಾಕಿಗೂ ತಿಳಿಯದಂತೆ ತಮ್ಮತಮ್ಮಲ್ಲಿ ಮಾತನಾಡಿಕೊಳ್ಳುವುದು ಆ ಬಡವರ ಹೊಟ್ಟೆಪಾಡಿಗೆ ಅಗತ್ಯವಾಗಿತ್ತು. ಆ ನುಡಿಯ ಬಹುಭಾಗ ಈಗ ಅಳಿದುಹೋಗಿದ್ದರೂ, 'ಬಾಯ್' ಎಂಬುದರ ತಿರುವುಮುರುವಾದ 'ಯಾಬ್' ಎಂಬ ಪದವು ಪುಂಡ ಹುಡುಗ ಎಂಬರ್ಥದಲ್ಲಿ ಇನ್ನೂ ಬಳಕೆಯಲ್ಲಿದೆ. ಪೊಲೀಸಿನವನಿಗೆ 'ಬಾಬಿ' ಎಂಬ ಹೆಸರು ಬಂದುದು 1829ರಲ್ಲಿ ಲಂಡನ್ ಪೊಲೀಸ್ ದಳವನ್ನು ಸ್ಥಾಪಿಸಿದ ಸರ್ ರಾಬರ್ಟ್ ಪೀಲನಿಂದ. ರಾಬರ್ಟ್ ಎಂಬುದರ ಮುದ್ದಿನ ರೂಪವೇ ಬಾಬಿ.

ಬ್ರಿಟಿಷರ ಬೀದಿನುಡಿಗೆ ಭಾರತವೂ ತನ್ನ ಪಾಲನ್ನು ಸಲ್ಲಿಸಿದೆ. ಇಲ್ಲಿನ ದಂಡುಗಳಲ್ಲಿದ್ದ ಸಾಮಾನ್ಯ ಸಿಪಾಯಿಗಳು ಹಿಂದೂಸ್ತಾನಿಯ ಪದಗಳನ್ನು ತಮ್ಮ ನಾಲಗೆಗೆ ಒಗ್ಗಿಸಿಕೊಂಡು ಊರಿಗೆ ಒಯ್ದರು. 'ದೇಖೋ' ಎಂಬುದು 'ಡೆಕ್ಕೋ' ಆಗಿ, ಒಂದು ನೋಟ ಎಂಬರ್ಥ ಪಡೆಯಿತು. ಕನ್ನಡಿಗರೂ ಬಳಸುವ 'ಖುಷಿ'ಯಿಂದ 'ಕುಶಿ' ಹುಟ್ಟಿತು. 'ಕುಶಿ' ಕೆಲಸವೆಂದರೆ ಮೈನೋಯದ, ಸುಖದ ಕೆಲಸ. ನಾಸಿಕದ ಬಳಿಯ ದೇವಳಾಲಿಯಲ್ಲಿ, ಊರಿಗೆ ಮರಳುವ ಹಡಗಿಗಾಗಿ ಕಾಯುವ ಸಿಪಾಯಿಗಳ ಶಿಬಿರವಿದ್ದಿತು. ಬಿಸಿಲು, ಬೇಸರ, ಜ್ವರಗಳಿಂದ ಅಲ್ಲಿ ಕೆಲವರ ಬುದ್ಧಿ ಕೆಡುತ್ತಿತ್ತಂತೆ. ಈಗಲೂ ತಲೆಕೆಟ್ಟವನನ್ನು ಇಂಗ್ಲೆಂಡಿನಲ್ಲಿ 'ಡೂಲಾಲಿ' ಎನ್ನುತ್ತಾರೆ. ಹಾಗೆನ್ನುವವರಲ್ಲಿ ಆ ಊರು ಎಲ್ಲಿದೆಯೆಂದು ಬಲ್ಲವರು ವಿರಳ. 'ವಿಲಾಯತಿ' ಎಂಬ ಪದವು 'ಬ್ಲೈಟಿ'ಯಾಗಿ, ತಾಯ್ನಾಡು ಎಂಬರ್ಥ ತಳೆಯಿತು. 1914ರಿಂದ 1918ರವರೆಗಿನ ಮಹಾಯುದ್ಧದಲ್ಲಿ ಇದಕ್ಕೆ ಮತ್ತೊಂದು ಅರ್ಥ ಕೂಡಿಕೊಂಡಿತು. ಪ್ರಾಣ ಹೋಗದೆ, ಆದರೆ ಊರಿಗೆ ಕಳುಹಿಸಲೇಬೇಕಾದಷ್ಟು ತೀವ್ರವಾದ ಗಾಯವನ್ನೂ ಕಂದಕಗಳಲ್ಲಿದ್ದ ಸೈನಿಕರು 'ಬ್ಲೈಟಿ' ಎಂದೇ ಕರೆದರು. ಅಂತಹ ಗಾಯಕ್ಕಾಗಿ ಹಂಬಲಿಸಿದವರೂ ಇದ್ದರು.

ಬೀದಿನುಡಿ ಒಂದೆಡೆ ನಿಲ್ಲುವುದಲ್ಲ. ವೆಸ್ಟ್ ಇಂಡೀಸ್, ಆಫ್ರಿಕಾ, ದಕ್ಷಿಣ ಏಷ್ಯಾಗಳಿಂದ ಹೋಗಿ ನೆಲೆಸಿದವರ ಮಕ್ಕಳು ಇಂದು ಲಂಡನ್ನಿನಲ್ಲಿ ಹೊಸದೊಂದು ಆಡುನುಡಿಯನ್ನೇ ಬೆಳೆಸಿದ್ದಾರೆ. ಪ್ರತಿ ವಾಕ್ಯಕ್ಕೂ ಬೇರೆಬೇರೆಯಾದ ಪ್ರಶ್ನಾರ್ಥಕ ಬಾಲವನ್ನು ಜೋಡಿಸಬೇಕೆಂಬ ಇಂಗ್ಲಿಷ್ ವ್ಯಾಕರಣದ ನಿಯಮವನ್ನು ತಳ್ಳಿಹಾಕಿ, ಎಲ್ಲದಕ್ಕೂ 'ಇನಿಟ್' ಎಂಬ ಒಂದೇ ಪದವನ್ನು ಅವರು ಸೇರಿಸುತ್ತಾರೆ. ಕನ್ನಡದ 'ಅಲ್ಲವೇ' ಮಾಡುವ ಕೆಲಸವೂ ಇದೇ.

ಪದಗಳು ಹೊಸವಾದರೆ ಕೇಳಿ ತಿಳಿಯಬಹುದು. ಪದಗಳು ಸರಳವಾಗಿದ್ದು, ಹೇಳುವ ರೀತಿ ಮಾತ್ರ ಬೇರೆಯಾದಾಗ ಕಷ್ಟ ಹೆಚ್ಚು. ದೊಡ್ಡದನ್ನು ಚಿಕ್ಕದಾಗಿಸಿ ನುಡಿಯುವುದು ಇಂಗ್ಲಿಷರ ನಿತ್ಯದ ಮಾತಿನ ಒಂದು ಲಕ್ಷಣ. 'ಕೆಟ್ಟದ್ದೇನಲ್ಲ' ಎಂದರೆ ಬಹಳ ಚೆನ್ನಾಗಿದೆ ಎಂದಿರಬಹುದು. 1951ರ ಏಪ್ರಿಲ್ ತಿಂಗಳಲ್ಲಿ, ಕೊರಿಯಾದ ಇಮ್ಜಿನ್ ನದಿಯ ದಂಡೆಯಲ್ಲಿ, ಗ್ಲಾಸ್ಟರ್‌ಷೈರ್ ರೆಜಿಮೆಂಟಿನ ಬ್ರಿಟಿಷ್ ಪಡೆಯೊಂದನ್ನು ಅದಕ್ಕಿಂತ ಎಷ್ಟೋ ಪಾಲು ದೊಡ್ಡದಾದ ಚೀನೀ ಸೈನ್ಯವು ಸುತ್ತುವರಿಯಿತು. ಬ್ರಿಟಿಷ್ ಬ್ರಿಗೇಡಿಯರ್ ಟಾಮ್ ಬ್ರಾಡಿಯು ತನ್ನ ಮೇಲಧಿಕಾರಿಯಾದ ಅಮೆರಿಕದ ಸೇನಾನಿಗೆ, ಪರಿಸ್ಥಿತಿ 'ಸ್ವಲ್ಪ ಅಂಟಂಟಾಗಿದೆ' ಎಂದು ವರದಿ ಮಾಡಿದನೆಂದು ಆ ಯುದ್ಧವನ್ನು ಕುರಿತ ಬರಹಗಳಲ್ಲಿ ಮತ್ತೆ ಮತ್ತೆ ಹೇಳಲಾಗಿದೆ. ಇಂಗ್ಲಿಷ್ ಸೈನಿಕನ ಬಾಯಲ್ಲಿ 'ಸ್ಟಿಕಿ' ಎಂದರೆ ವಿನಾಶ ಸಮೀಪಿಸಿದೆ ಎಂದರ್ಥ. ತೊಡಕಿದ್ದರೂ ನಿಭಾಯಿಸುತ್ತಿದ್ದಾರೆಂದು ಅಮೆರಿಕನ್ನನು ಭಾವಿಸಿದನಂತೆ. ಸೋಲಿಗೆ ಬೇರೆ ಕಾರಣಗಳೂ ಇದ್ದವು; ನೆರವಿಗೆ ಹೊರಟ ಟ್ಯಾಂಕುಗಳು ಕಣಿವೆಯ ಇಕ್ಕಟ್ಟಿನ ದಾರಿಯಲ್ಲಿ ತಡೆಯಲ್ಪಟ್ಟಿದ್ದವು. ಹಿಂದೆ ಸರಿಯಲು ಅಪ್ಪಣೆ ದೊರೆಯುವ ವೇಳೆಗೆ ದಾರಿ ಮುಚ್ಚಿಹೋಗಿತ್ತು. ಆ ಗುಡ್ಡದ ಮೇಲಿದ್ದವರಲ್ಲಿ 500ಕ್ಕಿಂತ ಹೆಚ್ಚು ಮಂದಿ ಸೆರೆಯಾಳುಗಳಾಗಿ ಉತ್ತರಕ್ಕೆ ನಡೆದುಹೋದರು.